ಎರಡು ಬರ್ನರಿನದು

ಮೂರು ತಿಂಗಳ ಗೌರವಧನ ಒಟ್ಟಿಗೆ ಬಿದ್ದ ಶನಿವಾರ
ಸ್ಕೂಲಿನ ಪಾತ್ರೆ ಬೋರಲು ಹಾಕಿ
ದುದ್ದದಿಂದ ಬಸ್ಸು ಹತ್ತಿ ಹಾಸನಕ್ಕೆ ಬಂದೆ.
ಕೈಯಲ್ಲಿನ್ನೂ ಬೇಳೆಯ ವಾಸನೆ, ಸೆರಗಿನಂಚಿಗೆ ಅರಿಶಿನ.
ತಂಗಿಯ ಮಕ್ಕಳಿಗೊಂದು ಅಡುಗೆಮನೆ ಬೇಕು,
ಆಡುವಂಥದ್ದು.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ
ನಯಾಜ್ ಒಂದೊಂದೇ ಇಳಿಸಿದ ಅಟ್ಟದಿಂದ.
ಗುಲಾಬಿ ಬಣ್ಣದ್ದು ಮೊದಲು:
ಫ್ರಿಜ್ಜು, ಓವನ್ನು, ತಿರುಗುವ ನಲ್ಲಿ,
ಒತ್ತಿದರೆ ಚುರ್ ಅನ್ನುವ ಬಾಣಲೆ.
"ಒಗ್ಗರಣೆ ಸೌಂಡು ಮೇಡಂ, ಬ್ಯಾಟರಿ ಫ್ರೀ."

ನೂರ ನಲವತ್ತೆರಡು ಮಕ್ಕಳ ಸಾರಿಗೆ
ಹದಿಮೂರು ವರ್ಷದಿಂದ ಒಗ್ಗರಣೆ ಹಾಕಿದವಳು ನಾನು.
ಕಿವಿಗಿಟ್ಟು ಕೇಳಿದೆ.
ಒಗ್ಗರಣೆಯಲ್ಲಪ್ಪ ಇದು,
ತಗಡಿನ ಮೇಲೆ ಯಾರೋ ಅಕ್ಕಿ ಚೆಲ್ಲಿದ ಸದ್ದು.
ಸಾಸಿವೆ ಮೊದಲು ಒಂದು, ಆಮೇಲೆ ಎರಡು,
ಆಮೇಲೆ ಲೆಕ್ಕಕ್ಕೇ ಸಿಗುವುದಿಲ್ಲ.
ಇದು ಬಾಯಿ ಬಿಟ್ಟ ಕೂಡಲೇ ಎಲ್ಲ ಸಿಡಿದು ಮುಗಿಸುತ್ತೆ.

ನಲ್ಲಿ ತಿರುಗಿಸಿದೆ. ನೀರಿಲ್ಲ.
"ಇದು ಮಾತ್ರ ನಮ್ಮ ಬೀದಿಯದೇ" ಎಂದೆ.

ನೀಲಿಯದು ಎತ್ತರ ಜಾಸ್ತಿ.
ಗೇಣು ಹಾಕಿ ಅಳೆದೆ, ಕಟ್ಟೆಯೇ ಮೂರೂವರೆ.
ಮಿಥುನನಿಗೆ ಸರಿಹೋದೀತು, ಐದು ವರ್ಷ.
ಹಂಸಿಕಾಗೆ ಮೂರು; ಅವಳ ಮೂಗಿಗೆ ಬರುತ್ತೆ ಬರ್ನರು.
ಮೂಗಿನೆತ್ತರದ ಒಲೆ ಏನು ಮಾಡುತ್ತೆ ಅನ್ನೋದು
ನನ್ನ ಎಡ ಮುಂಗೈಗೆ ಗೊತ್ತು:
ಕೆಲಸಕ್ಕೆ ಸೇರಿದ ವರ್ಷ, ಕುದಿಯುವ ಸಾಂಬಾರಿನ ಹಂಡೆ.
ಗೊಂಬೆ ಒಲೆ ಸುಡಲ್ಲ, ಗೊತ್ತು.
ಆದರೂ ಅದನ್ನು ಅತ್ತ ಸರಿಸಿದೆ.

ಅಂಚುಗಳನ್ನು ಹೆಬ್ಬೆರಳಲ್ಲಿ ಸವರಿದೆ.
ಮೊಳೆಯ ತಲೆ ಎಲ್ಲಿ ಎದ್ದಿದೆ ನೋಡಿದೆ.
ಬಣ್ಣ ಮೂಸಿದೆ; ಸೀಮೆಎಣ್ಣೆ ನಾತದ್ದು ಬೇಡ.
ಟೊಮೆಟೊ ಗೋಲಿಯಷ್ಟಿತ್ತು. ಹಂಸಿಕಾ ಬಾಯಿಗೆ ಹಾಕದ ವಸ್ತು
ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ.
ಹಿಂದೆ ನಿಂತ ಹೆಂಗಸೊಬ್ಬಳು ತಾಳ್ಮೆಗೆಟ್ಟು
"ಸೊಸೆ ಹುಡುಕ್ತಿದೀರಾ ಅಮ್ಮ?" ಎಂದಳು.
ಸೊಸೆಗಾದರೆ ಇಷ್ಟು ನೋಡ್ತಿರಲಿಲ್ಲ.

ಡಬ್ಬ ಬಿಚ್ಚಿಸಿ ಎಣಿಸಿದೆ.
ಪಿಜ್ಜಾ, ಬರ್ಗರು, ನಡುವೆ ಸೀಳಿದ ಮೀನು,
ಹೆಸರು ಗೊತ್ತಿಲ್ಲದ್ದೊಂದು ಹಸಿರು ಹೂವು.
"ಮುದ್ದೆ ಕೋಲೆಲ್ಲಪ್ಪ?"
"ಅದು ಚೀನಾದಲ್ಲಿ ಮಾಡಲ್ಲ ಮೇಡಂ."
ಹಾಗಾದರೆ ಈ ಮನೆಯವರು
ಮಧ್ಯಾಹ್ನಕ್ಕೆ ಏನು ತಿಂತಾರೆ?

ಕೊನೆಗೆ, ಮೂಲೆಯಲ್ಲಿ ಧೂಳು ಹಿಡಿದಿದ್ದ ಮರದ್ದು.
ಎರಡೇ ಬರ್ನರು. ಫ್ರಿಜ್ಜಿಲ್ಲ, ಬ್ಯಾಟರಿಯಿಲ್ಲ.
ಕಟ್ಟೆ ಎರಡೂವರೆ ಗೇಣು.
ಒಂದು ನಾಬು ಸಡಿಲ, ತಿರುಗಿಸಿದರೆ ಟಕ್ ಎನ್ನುತ್ತೆ,
ಥೇಟ್ ನಮ್ಮ ಸ್ಕೂಲಿನ ದೊಡ್ಡ ಒಲೆ.
ಸಾವಿರದ ಒಂಬೈನೂರು ಅಂದ,
ಸಾವಿರದ ಆರುನೂರಕ್ಕೆ ಇಳಿದ.
ಬಸ್ಸಿನಲ್ಲಿ ನಾನು ಫ್ರೀ;
ಅದಕ್ಕೆ ಮಾತ್ರ ಟಿಕೆಟ್ ಹರಿದ ಕಂಡಕ್ಟರು.

ಭಾನುವಾರ ಹೊಂಗೆ ಕಡ್ಡಿ ಕೆತ್ತಿ
ಮುದ್ದೆ ಕೋಲು ಮಾಡಿಕೊಟ್ಟೆ.
ಗೇಣುದ್ದ. ನುಂಗಬಾರದಲ್ಲ.
ಮಿಥುನ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ತೊಳಸಿದ,
ಯಾರು ಹೇಳಿಕೊಟ್ಟರೋ.
"ದೊಡ್ಡಮ್ಮ, ಕೂತ್ಕೊ. ಕೈ ತೊಳ್ಕೊಂಡ್ಯಾ?"
ಕೂತೆ.
ಬಡಿಸುವ ಸಾಲಿನ ಈ ಬದಿಯಲ್ಲಿ
ಹೀಗೆ ಕೂತದ್ದು ಯಾವಾಗಲೋ ನೆನಪಿಲ್ಲ.
ತಟ್ಟೆ ಮುಂದಿಟ್ಟುಕೊಂಡು ಕಾದೆ.

ಅವನು ನಾಬು ತಿರುಗಿಸಿ, ಬಗ್ಗಿ, ಕಿವಿಗೊಟ್ಟ.
ಮತ್ತೆ ತಿರುಗಿಸಿದ.
ಅವರಮ್ಮನ ಹಾಗೇ ಸೊಂಟಕ್ಕೆ ಕೈಯಿಟ್ಟು
"ಗ್ಯಾಸ್ ಖಾಲಿ. ಇವತ್ತು ಊಟ ಇಲ್ಲ."

ಹಸಿವಾಯಿತು ನನಗೆ, ಸುಳ್ಳಲ್ಲ.
ಏಳೋಣ ಅನ್ನುವಾಗ ನಡುಮನೆಯಿಂದ ಏದುಸಿರು:
ಹಂಸಿಕಾ, ತನ್ನೆತ್ತರದ ಗುಂಡು ದಿಂಬನ್ನು
ನೆಟ್ಟಗೆ ನಿಲ್ಲಿಸಿ, ಒಂದಂಚಿಗೆ ಓರೆ ಮಾಡಿ
ತಿರುಗಿಸುತ್ತಾ ತಿರುಗಿಸುತ್ತಾ ತಂದು
ಹೊಸ್ತಿಲಲ್ಲಿ ಇಳಿಸಿ, ಕೈ ಚಾಚಿ:
"ಸಿಲಿಂಡ್ರು! ಮೇಲೆ ಚಿಲ್ರೆ ಕೊಡಿ."

ಸೆರಗಿನ ಗಂಟು ಬಿಚ್ಚಿದೆ.